ಎಡಗೆನ್ನೆಯ ತಿಂಗಳು

ಆ ಊರಿನಲ್ಲಿ ಚೆಲುವು ಸರದಿಯ ಮೇಲೆ ಬರುತ್ತಿತ್ತು. ಬೇರೆ ಊರುಗಳಲ್ಲಿ ಗದ್ದೆಗೆ ನೀರು ಕಟ್ಟಲು ಸರದಿ ಇರುತ್ತದಲ್ಲ, ಹಾಗೆ ಅಲ್ಲಿ ಚೆಂದ ಕಾಣುವುದಕ್ಕೆ ಸರದಿ. ಅದಕ್ಕೊಂದು ಹಲಸಿನ ಮಣೆ ಇತ್ತು. ಜನ ಕೂತು ಕೂತು ಅದರ ನಡುವೆ ತಗ್ಗು ಬಿದ್ದಿತ್ತು. ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಡಂಗುರದವನು ಆ ಮಣೆಯನ್ನು ತಲೆಯ ಮೇಲೆ ಹೊತ್ತು ತಂದು, ಸರದಿ ಬಂದ ಮನೆಯ ಹೊಸ್ತಿಲ ಮುಂದೆ ಇಟ್ಟು, ಒಂದು ಸಲ ಡಂಗುರ ಬಡಿದು ಹೋಗಿಬಿಡುತ್ತಿದ್ದ. ಆ ಮನೆಯಿಂದ ಮೊದಲು ಹೊಸ್ತಿಲು ದಾಟಿದವರು ಮಣೆಯ ಮೇಲೆ ಕೂರಬೇಕು. ಕೂತರೆ ಮುಗಿಯಿತು, ಮುಂದಿನ ಹುಣ್ಣಿಮೆಯವರೆಗೆ ಊರಿಗೆಲ್ಲ ಅವರೊಬ್ಬರೇ ಚೆಲುವರು.

ದಿನಾ ಬೆಳಿಗ್ಗೆ ಊರವರೆಲ್ಲ ಬರುವರು. ಎದುರಿಗೆ ನಿಲ್ಲುವರು. ನೋಡುವರು. ಉಸಿರು ಬಿಡುವರು. ಹೋಗುವರು. ಇದಕ್ಕೆ ಅಲ್ಲಿ ಉಸಿರು ಒಪ್ಪಿಸುವುದು ಎಂದು ಹೆಸರು. ಹಾಸಿಗೆ ಹಿಡಿದ ಮುದುಕರು ಸೊಸೆಯಂದಿರ ಕೈಯಲ್ಲಿ ಕಳಿಸುತ್ತಿದ್ದರು. ಸೊಸೆ ಬಂದು ಎರಡು ಸಲ ಉಸಿರು ಬಿಟ್ಟು, ಇದು ನನ್ನದು, ಇದು ಮಾವನದು ಎಂದು ಬಿಡಿಸಿ ಹೇಳಿ ಹೋಗುತ್ತಿದ್ದಳು. ಇದೆಲ್ಲ ಬರೀ ನಾಟಕ ಅಂದುಕೊಂಡು ನಗಬೇಡಿ. ಮಣೆಯ ಮೇಲೆ ಕೂತವರನ್ನು ಕಂಡರೆ ಅವರ ಎದೆ ನಿಜವಾಗಿ ಭಾರವಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ, ಮಾಡುತ್ತಿದ್ದ ಕೆಲಸ ಕೈಯಲ್ಲೇ ನಿಂತುಬಿಡುತ್ತಿತ್ತು.

ನೋಡಿದ್ದನ್ನು ತಮ್ಮ ಮೈಮೇಲೂ ಹಾಕಿಕೊಳ್ಳದೆ ಅವರಿಂದ ತಡೆಯಲಾಗುತ್ತಿರಲಿಲ್ಲ. ಗಾಣದವನ ಸರದಿ ಬಂದಾಗ ಊರಿಗೆ ಊರೇ ತಲೆ ಬೋಳಿಸಿಕೊಂಡಿತು, ಕ್ಷೌರದವನ ರಟ್ಟೆ ಆಮೇಲೆ ಬಹಳ ದಿನ ಮೇಲೇಳಲಿಲ್ಲ. ಮೆಳ್ಳೆಗಣ್ಣಿನ ಕುಂಬಾರತಿಯ ತಿಂಗಳಲ್ಲಿ ಎಲ್ಲರೂ ಕಣ್ಣನ್ನು ಮೂಗಿನ ಕಡೆ ಎಳೆದುಕೊಂಡು ಓಡಾಡಿ, ಗಾಡಿಗೆ ಗಾಡಿ ಗುದ್ದಿ, ಹಾಲನ್ನು ಪಾತ್ರೆಯ ಪಕ್ಕಕ್ಕೆ ಹೊಯ್ದು, ಹೇಗೋ ತಿಂಗಳು ಕಳೆದರು. ಒಮ್ಮೆಯಂತೂ ಒಂದು ಮನೆಯಲ್ಲಿ ಎಲ್ಲರಿಗಿಂತ ಮೊದಲು ಮೇಕೆ ಹೊಸ್ತಿಲು ದಾಟಿಬಿಟ್ಟಿತು. ಅದೇನು ಸಾಮಾನ್ಯ ತಿಂಗಳಲ್ಲ. ಹೆಂಗಸರು ಕೂಡ ಗಲ್ಲಕ್ಕೆ ನಾರು ಕಟ್ಟಿಕೊಂಡು ತಿರುಗಿದರು, ಮತ್ತು ಇಂದಿಗೂ ಆ ಊರಿನ ಹಿರಿಯರು ಅಂಥ ಕಣ್ಣು ಮತ್ತೆ ಹುಟ್ಟಲಿಲ್ಲ ಎನ್ನುತ್ತಾರೆ.

ಮದುವೆಗಳೂ ಸರದಿಯ ತಿಂಗಳಲ್ಲೇ ಆಗುತ್ತಿದ್ದವು. ತಿಂಗಳು ಕಳೆದ ಮೇಲೆ ಗಂಡ ಹೆಂಡತಿ ಒಬ್ಬರಿಗೊಬ್ಬರು ಪರಿಚಯದವರಾಗಿ ಬದುಕುತ್ತಿದ್ದರು. ಅದು ಬೇರೆ ಊರುಗಳಲ್ಲಿ ಕಾಣದ ಸಂಗತಿ ಏನಲ್ಲ ಬಿಡಿ. ಸರದಿ ಇಲ್ಲದವರ ಮುಖ ಅಲ್ಲಿ ಬರೀ ಗುರುತು, ಮನೆಗೆ ಬಾಗಿಲು ಇರುವ ಹಾಗೆ. ಅದನ್ನು ನೋಡಿ ಯಾರ ಮನೆ ಎಂದು ತಿಳಿದುಕೊಳ್ಳಬಹುದು, ನಿಂತು ನೋಡುವ ಹಾಗಿಲ್ಲ. ನಿಂತು ನೋಡಿದರೆ ಅದು ಸರದಿ ತಪ್ಪಿದ ನೋಟ, ಮತ್ತು ಅದಕ್ಕೆ ಕಟ್ಟೆಯ ಮೇಲೆ ವಿಚಾರಣೆ ಇತ್ತು.

ಆ ಊರಿನ ಹಗ್ಗದ ಬೀದಿಯಲ್ಲಿ ಒಬ್ಬಳು ಮಂಡಕ್ಕಿ ಹುರಿಯುತ್ತಿದ್ದಳು. ಅವಳ ತಾಯಿ ಅಲ್ಲೇ ಹುರಿದಿದ್ದಳು, ತಾಯಿಯ ತಾಯಿಯೂ ಅಲ್ಲೇ ಹುರಿದಿದ್ದಳು. ಎಡಗಡೆ ಭಟ್ಟಿಯ ಬಾಯಿ, ಬಲಗಡೆ ಜರಡಿ. ಎಡಗೈಯಲ್ಲಿ ಬೆಂಕಿಗೆ ಹೊಟ್ಟು ಹಾಕುವಳು, ಬಲಗೈಯಲ್ಲಿ ಕಾದ ಮರಳನ್ನು ತಿರುವುವಳು, ಅಕ್ಕಿ ಅರಳಿದ ಕೂಡಲೇ ಎತ್ತಿ ಜರಡಿಗೆ ಸುರಿಯುವಳು. ಬಾಳೆಲ್ಲ ಬೆಂಕಿಗೆ ಒಂದೇ ಕೆನ್ನೆ ಕೊಟ್ಟು ಕೂತದ್ದರಿಂದ ಅವಳ ಎಡಗೆನ್ನೆ ಬೆಂದ ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಒರಟಾಗಿತ್ತು. ಬಲಗೆನ್ನೆ ಹುಟ್ಟಿದಾಗ ಹೇಗಿತ್ತೋ ಹಾಗೇ ಇತ್ತು. ಕೆಲಸ ಮುಗಿದ ಮೇಲೆ ಅವಳು ಎರಡೂ ಕೈಯಿಂದ ಎರಡೂ ಕೆನ್ನೆಯನ್ನು ಮುಟ್ಟಿ ನೋಡಿಕೊಳ್ಳುವಳು. ಒಂದು ಬಿಸಿ, ಒಂದು ತಂಪು. ಈ ಎರಡರಲ್ಲಿ ತಾನು ಯಾವುದು ಎಂದು ಅವಳಿಗೆ ಒಂದು ದಿನವೂ ಗೊತ್ತಾಗಲಿಲ್ಲ. ಸರದಿ ಬಂದಾಗ ಊರು ಹೇಳುತ್ತದೆ ಎಂದುಕೊಂಡು ಸುಮ್ಮನಾಗುವಳು.

ಆದರೆ ಸರದಿ ಬರುತ್ತಲೇ ಇರಲಿಲ್ಲ. ಮಣೆ ಪಕ್ಕದ ಮನೆಗೆ ಬಂದು, ಅವಳನ್ನು ದಾಟಿ ಆಚೆ ಮನೆಗೆ ಹೋಗುತ್ತಿತ್ತು. ಅವಳು ಮಲಗುತ್ತಿದ್ದದ್ದು ಭಟ್ಟಿಯ ಹಿಂದಿನ ಮಾಡಿನಲ್ಲಿ. ಮಾಡಿಗೆ ಗೋಡೆಯಿಲ್ಲ, ಬಾಗಿಲಿಲ್ಲ, ಆದ್ದರಿಂದ ಹೊಸ್ತಿಲೂ ಇಲ್ಲ. ಹೊಸ್ತಿಲಿಲ್ಲದ ಕಡೆ ಮಣೆ ಎಲ್ಲಿ ಇಡಲಿ ತಾಯಿ ಎಂದು ಡಂಗುರದವನು ಕೇಳುತ್ತಿದ್ದ. ಅವಳು ಬೇರೆಯವರ ಹೊಸ್ತಿಲ ಮುಂದೆ ನಿಂತು, ನೋಡಿ, ಉಸಿರು ಬಿಟ್ಟು, ಬಂದು ಮಂಡಕ್ಕಿ ಹುರಿಯುತ್ತಿದ್ದಳು.

ಅದೇ ಬೀದಿಯಲ್ಲಿ ಹಗ್ಗದವನು ಹಗ್ಗ ಹೊಸೆಯುತ್ತಿದ್ದ. ಹಗ್ಗ ಹೊಸೆಯುವವನ ನಡಿಗೆ ಹಿಂದು ಹಿಂದಕ್ಕೆ. ಬೀದಿಯ ಮೇಲ್ತುದಿಯ ಗೂಟಕ್ಕೆ ನಾರಿನ ತುದಿ ಸಿಕ್ಕಿಸಿ, ಸೊಂಟಕ್ಕೆ ನಾರಿನ ಕಟ್ಟು ಕಟ್ಟಿಕೊಂಡು, ಹೊಸೆಯುತ್ತಾ ಹೊಸೆಯುತ್ತಾ ಬೆನ್ನ ಕಡೆಗೆ ನಡೆಯುತ್ತಾನೆ. ಕೆಳತುದಿ ಮುಟ್ಟಿದ ಮೇಲೆ ಹಗ್ಗವನ್ನು ಗೂಟದಿಂದ ಜಗ್ಗಿ ಬಿಡಿಸಿ, ಸುರುಳಿ ಸುತ್ತಿ, ಕೆರೆ ಏರಿಯ ಮೇಲೆ ಮನೆಗೆ ಹೋಗುತ್ತಾನೆ. ಹೀಗಾಗಿ ಅವನಿಗೆ ಮುಂದೆ ಬರುವುದು ಯಾವುದೂ ಕಾಣುತ್ತಿರಲಿಲ್ಲ, ದಾಟಿಬಂದದ್ದು ಮಾತ್ರ ಕಾಣುತ್ತಿತ್ತು. ಮಂಡಕ್ಕಿಯವಳಿಗೆ ಅವನ ಬೆನ್ನು ಚೆನ್ನಾಗಿ ಗೊತ್ತಿತ್ತು, ಎಡ ಹೆಗಲ ಮೇಲೆ ಅಂಗಿ ಹರಿದದ್ದೂ ಗೊತ್ತಿತ್ತು. ಬೆನ್ನು ಭಟ್ಟಿಯನ್ನು ದಾಟಿ ಮುಖ ಕಾಣುವ ಹೊತ್ತಿಗೆ ಅವಳು ಕಣ್ಣನ್ನು ಮರಳಿಗೆ ಇಳಿಸುತ್ತಿದ್ದಳು. ಸರದಿ ಇಲ್ಲದ ಮುಖ ನೋಡುವ ರೂಢಿ ಅವಳಿಗಿರಲಿಲ್ಲ.

ಗಾಣದವನ ತಿಂಗಳಲ್ಲೇ ಒಂದು ದಿನ ಊರ ಬಾವಿಯ ಹಗ್ಗ ಹರಿದು ಕೊಡ ಒಳಗೆ ಬಿತ್ತು. ಹಗ್ಗ ಹೊಸದು. ಕಟ್ಟೆಯ ಹಿರಿಯ ತರಿಸಿ ಬೆರಳಿನಿಂದ ಹಿಂಡಿ ನೋಡಿದ. ಅರ್ಧದವರೆಗೆ ಹುರಿ ಬಿಗಿ, ಅಲ್ಲಿಂದ ಆಚೆ ಸಡಿಲ. ಹಗ್ಗವನ್ನು ಬೀದಿಯಲ್ಲಿ ಗೂಟದಿಂದ ಉದ್ದಕ್ಕೆ ಹಾಸಿ ನೋಡಿದರು. ಸಡಿಲ ಶುರುವಾಗುವುದು ಭಟ್ಟಿ ದಾಟಿದ ಜಾಗದಿಂದ. ಹಳೆಯ ಹಗ್ಗಗಳನ್ನೆಲ್ಲ ತರಿಸಿ ಹಾಸಿದರು. ಎಲ್ಲವೂ ಅಲ್ಲಿಂದಲೇ ಸಡಿಲ.

ಭಟ್ಟಿ ದಾಟಿದ ಮೇಲೆ ನಿನ್ನ ಕಣ್ಣೆದುರು ಏನಿರುತ್ತದೆ ಎಂದು ಹಿರಿಯ ಕೇಳಿದ. ಅವಳಿರುತ್ತಾಳೆ ಎಂದು ಹಗ್ಗದವನು ಹೇಳಿದ. ಈಗ ಅವಳ ಸರದಿಯಲ್ಲವಲ್ಲ ಎಂದು ಹಿರಿಯ ಕೇಳಿದ. ಅಲ್ಲ, ಅದು ನನಗೂ ಗೊತ್ತು ಎಂದು ಹಗ್ಗದವನು ಹೇಳಿದ.

ಸರದಿ ತಪ್ಪಿದ ನೋಟಕ್ಕೆ ಮದ್ದು ಒಂದೇ. ರೋಗಿಯನ್ನು ಆ ತಿಂಗಳ ಚೆಲುವರ ಎದುರು ಬೆಳಗಿನಿಂದ ಸಂಜೆಯವರೆಗೆ ಕೂರಿಸಿ ನೋಡಿಸಬೇಕು. ಹಗ್ಗದವನು ಗಾಣದವನ ಬೋಳುತಲೆಯ ಎದುರು ಕೂತ. ನೋಡಿಸಿಕೊಂಡು ನೋಡಿಸಿಕೊಂಡು ಗಾಣದವನಿಗೇ ಮುಜುಗರವಾಗಿ, ಮಧ್ಯಾಹ್ನದ ಹೊತ್ತಿಗೆ ಅವನು ತಲೆಯ ಮೇಲೆ ಟವಲು ಹಾಕಿಕೊಂಡ. ಮದ್ದು ಮುಗಿದ ಮೇಲೆ ಹೊಸೆದ ಹಗ್ಗವೂ ಭಟ್ಟಿಯಿಂದ ಆಚೆ ಸಡಿಲವೇ. ಕೊನೆಗೆ ಹಿರಿಯ ಒಂದು ದಾರಿ ಹುಡುಕಿದ. ಬಿಗಿಯಾದ ಅರ್ಧ ಬಾವಿಗೆ, ಸಡಿಲವಾದ ಅರ್ಧ ಕರು ಕಟ್ಟುವ ಕಣ್ಣಿಹಗ್ಗಕ್ಕೆ. ಅಂದಿನಿಂದ ಆ ಊರಿನ ಕರುಗಳು ಕಣ್ಣಿ ಬಿಚ್ಚಿಕೊಂಡು ಬೀದಿ ಬೀದಿ ತಿರುಗತೊಡಗಿದವು. ಬಂದು ಭಟ್ಟಿಯ ಮುಂದೆ ಚೆಲ್ಲಿದ ಮಂಡಕ್ಕಿ ತಿನ್ನುತ್ತಿದ್ದವು.

ಮಂಡಕ್ಕಿಯವಳು ಇದನ್ನೆಲ್ಲ ಕೇಳಿದ ದಿನ ಒಂದು ಬಾಣಲೆ ಅಕ್ಕಿ ಕರಕಲಾಯಿತು. ಆದರೆ ಅವಳು ನಂಬಲಿಲ್ಲ. ಸರದಿಯೇ ಇಲ್ಲದವಳನ್ನು ಯಾರಾದರೂ ಯಾಕೆ ನೋಡುತ್ತಾರೆ, ನಾರೇ ಸರಿಯಿಲ್ಲದಿರಬೇಕು ಎಂದುಕೊಂಡಳು. ಹಾಗೆಂದುಕೊಂಡರೂ ಮಾರನೆಯ ದಿನ ಕಲ್ಲುಕುಟಿಗನನ್ನು ಕರೆಸಿ ಮಾಡಿನ ಮುಂದೆ ಒಂದು ಹೊಸ್ತಿಲ ಕಲ್ಲು ಹಾಕಿಸಿದಳು. ಗೋಡೆಯಿಲ್ಲ, ಬಾಗಿಲಿಲ್ಲ, ಬಯಲಿನಲ್ಲಿ ಒಂದು ಹೊಸ್ತಿಲು. ಅದಕ್ಕೆ ಅರಿಸಿನ ಬಳಿದು, ದಿನಾ ಬೆಳಿಗ್ಗೆ ದಾಟಿ ಈಚೆ ಬಂದು ಕೂರುವಳು. ಚೆಲುವೆಯಾಗಬೇಕು, ಆಮೇಲೆ ಅವನು ನೋಡಲಿ, ಆಗ ನಂಬುತ್ತೇನೆ ಎಂಬುದು ಅವಳ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಅವಳು ಅದಕ್ಕಾಗಿ ಹಸಿದಿದ್ದಳು.

ಹೊಸ್ತಿಲು ಇದ್ದ ಮೇಲೆ ಮಣೆ ಬರದೆ ಇರುತ್ತದೆಯೇ? ಒಂದು ಬೆಳಿಗ್ಗೆ ಡಂಗುರದವನು ಬಂದು ಇಟ್ಟು, ಬಡಿದು, ಹೋದ. ಮಂಡಕ್ಕಿಯವಳು ಹೊಸ್ತಿಲು ದಾಟಿ ಮಣೆಯ ಮೇಲೆ ಕೂತಳು. ಊರು ಬಂತು. ನಿಂತಿತು. ನೋಡಿತು. ಉಸಿರು ಬಿಟ್ಟಿತು. ಅಷ್ಟು ಜನರ ಉಸಿರಿಗೆ ಭಟ್ಟಿಯ ಬೂದಿ ಎದ್ದು ಹಾರಿತು. ಅವಳಿಗೆ ಅಳು ಬಂತು, ಆ ಅಳುವನ್ನು ನೋಡಿ ಊರು ಇನ್ನೊಮ್ಮೆ ಉಸಿರು ಬಿಟ್ಟಿತು. ಆ ಕೆನ್ನೆ ನೋಡು, ಆ ಕೆಂಪು ನೋಡು ಎಂದು ಹೆಂಗಸರು ಪಿಸುಗುಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಊರಿನ ಮಸಿಯೂ ಇಟ್ಟಿಗೆಪುಡಿಯೂ ಖಾಲಿಯಾಗಿ, ಎಲ್ಲರೂ ಒಂದು ಕೆನ್ನೆ ಬಳಿದುಕೊಂಡು ಓಡಾಡುತ್ತಿದ್ದರು.

ಹಗ್ಗದವನೂ ಬಂದ. ಅಂದು ಅವನು ಎಲ್ಲರ ಹಾಗೆ ಮುಂದಕ್ಕೆ ನಡೆದು ಬಂದ, ಎದುರಿಗೆ ನಿಂತ, ನೋಡಿದ. ಅವಳು ಕಾದಳು. ಅವನು ಉಸಿರು ಬಿಡಲಿಲ್ಲ. ಒಂದು ಸೇರು ಮಂಡಕ್ಕಿ ಕೊಡು ಎಂದ. ಮಾರನೆಯ ದಿನವೂ ಬಂದ, ನೋಡಿದ, ಮಂಡಕ್ಕಿ ಕಟ್ಟಿಸಿಕೊಂಡು ಹೋದ. ಅದರ ಮಾರನೆಯ ದಿನವೂ ಅಷ್ಟೆ. ಅವಳಿಗೆ ಅವಮಾನವಾಯಿತು. ಊರಿನ ಉಸಿರೆಲ್ಲ ಒಂದು ತೂಕ, ಇವನು ಬಿಡದ ಉಸಿರು ಒಂದು ತೂಕ ಅನ್ನಿಸತೊಡಗಿತು. ಜನ ಚದುರಿದ ಮೇಲೆ ಒಂದು ದಿನ ಮಂಡಕ್ಕಿ ಅಳೆಯುತ್ತಾ ತಲೆ ತಗ್ಗಿಸಿಕೊಂಡೇ ಕೇಳಿದಳು.

"ಎಲ್ಲಾರೂ ಬಿಡ್ತಾರೆ. ನೀನ್ಯಾಕೆ ಬಿಡಲ್ಲ?"

ಹಗ್ಗದವನು ಮಂಡಕ್ಕಿಗೆ ವಸ್ತ್ರ ಒಡ್ಡಿದ. "ಎಲ್ಲಾರೂ ಬಿಡೋವಾಗ ನಾನೂ ಬಿಟ್ರೆ, ಅದ್ರಾಗೆ ನಂದು ಯಾವ್ದು ಅಂತ ನಿಂಗೆ ಹೆಂಗೆ ಗೊತ್ತಾಗ್ಬೇಕು?"

ಈ ಮಾತು ಅವಳಿಗೆ ಹಿಡಿಸಲಿಲ್ಲ. ಬಾಳಿಗೆ ಒಂದು ತಿಂಗಳು ಸಿಕ್ಕಿದೆ, ಅದರಲ್ಲೂ ಇವನದೊಂದು ಜಿಪುಣತನ ಎಂದು ಸಿಟ್ಟು ಬಂತು. ಸೇರಿನ ಮೇಲಿನ ಗೋಪುರವನ್ನು ಅಂಗೈಯಿಂದ ಸವರಿ ಕೆಡವಿ ಕೊಟ್ಟಳು. ಅವನು ಅದನ್ನೂ ಸುಮ್ಮನೆ ತೆಗೆದುಕೊಂಡು ಹೋದ.

ತಿಂಗಳು ಅರ್ಧ ಕಳೆಯುವಷ್ಟರಲ್ಲಿ ತಕರಾರು ಹುಟ್ಟಿತು. ಹುಟ್ಟಿಸಿದವಳು ಕಣ್ಣು ಕಾಣದ ಅಜ್ಜಿ. ಅಜ್ಜಿ ನೋಡಲಾರಳು, ಆದ್ದರಿಂದ ಚೆಲುವರ ಮುಖವನ್ನು ಕೈಯಿಂದ ತಡವಿ ಉಸಿರು ಒಪ್ಪಿಸುವಳು. ಮಂಡಕ್ಕಿಯವಳ ಒರಟು ಕೆನ್ನೆ ತಡವಿ, ಇದು ನಿನ್ನ ಯಾವ ಕೈಯ ಕಡೆ ಮಗಳೇ ಎಂದು ಕೇಳಿ, ಎಡಗೈ ಎಂದ ಮೇಲೆ ಮನೆಗೆ ಹೋಗಿ ತನ್ನ ಎಡಗೆನ್ನೆಗೆ ಮಸಿ ಬಳಿದುಕೊಂಡಳು. ಬೀದಿಗೆ ಬಂದರೆ ಎಲ್ಲರೂ ಅವಳನ್ನು ನೋಡಿ ನಕ್ಕರು. ಊರಿಗೆ ಊರೇ ಬಲಗೆನ್ನೆ ಬಳಿದುಕೊಂಡಿತ್ತು. ಎದುರಿಗೆ ನಿಂತು ನೋಡಿದವರಿಗೆ ಅವಳ ಎಡ ತಮ್ಮ ಬಲದ ಕಡೆ ಕಂಡಿತ್ತು, ಕಂಡಲ್ಲಿ ಬಳಿದುಕೊಂಡಿದ್ದರು. ಅಜ್ಜಿ ಪಟ್ಟು ಬಿಡಲಿಲ್ಲ. ನನ್ನ ಕೈಗೆ ಸಿಕ್ಕಿದ್ದು ಎಡ ಎಂದಳು. ಮಾತಿಗೆ ಮಾತು ಬೆಳೆದು ಎಲ್ಲರೂ ಹೊಸ್ತಿಲ ಮುಂದೆ ಸೇರಿದರು. ಮಣೆಯ ಮೇಲಿದ್ದವಳನ್ನು ನೋಡಿದರು, ತಮ್ಮ ತಮ್ಮ ಕೆನ್ನೆ ಮುಟ್ಟಿಕೊಂಡರು, ಮತ್ತೆ ನೋಡಿದರು. ಏನೋ ಒಂದು ಸರಿಯಿಲ್ಲ ಎನ್ನುವುದು ಎಲ್ಲರಿಗೂ ಖಾತ್ರಿಯಾಯಿತು. ಅಜ್ಜಿಯ ಮುಖ ತೊಳೆಸಿ ಮನೆಗೆ ಕಳಿಸಿದ ಮೇಲೆ ಕಟ್ಟೆಯ ಹಿರಿಯ ಮಂಡಕ್ಕಿಯವಳ ಮುಂದೆ ಬಂದು ನಿಂತ. ಅವನ ದನಿಯಲ್ಲಿ ಕೋಪವಿರಲಿಲ್ಲ, ಕಾಯಿಲೆಯವರನ್ನು ವಿಚಾರಿಸುವ ಮರುಕವಿತ್ತು.

"ನೋಡವ್ವ, ಇಡೀ ಊರು ಬಲಕ್ಕೈತೆ. ನೀನೊಬ್ಬಳು ಎಡಕ್ಕಿದ್ದೀಯ. ಊರು ತಪ್ಪೋಕೆ ಆಗಲ್ಲ. ಅಂದ್ಮೇಲೆ ತಪ್ಪು ಎಲ್ಲೈತೆ, ನೀನೇ ಹೇಳು."

"ನನ್ನ ಕೆನ್ನೇಲಿ ಐತೆ, ಯಜಮಾನ್ರೆ" ಎಂದಳು ಅವಳು. ಒಂದು ಕ್ಷಣವೂ ತಡಮಾಡಲಿಲ್ಲ. ಇಷ್ಟು ದಿನ ಉಸಿರು ಒಪ್ಪಿಸಿದವರಿಗೆ ತಾನು ಮೋಸ ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಗಿ ಅವಳು ಎಡಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಹಿರಿಯ ತೀರ್ಪು ಹೇಳಿದ. ಹುಣ್ಣಿಮೆಯೊಳಗೆ ಅವಳು ತನ್ನ ಕೆನ್ನೆಯನ್ನು ಊರಿನ ಕೆನ್ನೆಗೆ ಸರಿಮಾಡಿಕೊಳ್ಳಬೇಕು. ಇಲ್ಲದಿದ್ದರೆ ಮಣೆಯನ್ನು ಬೋರಲು ಹಾಕಿ ಎತ್ತಿಕೊಂಡು ಹೋಗುವುದು. ಆಮೇಲೆ ಆ ಹೊಸ್ತಿಲಿಗೆ ಸರದಿ ಎಂದೆಂದಿಗೂ ಇಲ್ಲ. ಅಷ್ಟೇ ಅಲ್ಲ, ಈ ತಿಂಗಳಲ್ಲಿ ಅವಳು ಚೆಲುವೆಯಾಗಿದ್ದದ್ದೂ ಇಲ್ಲ, ಬಿಟ್ಟ ಉಸಿರೆಲ್ಲ ಬರೀ ಸೆಕೆಗೆ ಬಿಟ್ಟದ್ದು.

ಮಂಡಕ್ಕಿಯವಳು ಮಾರನೆಯ ದಿನವೇ ಭಟ್ಟಿಯ ಆಚೆ ಬದಿಗೆ ಹೋಗಿ ಕೂತಳು. ಈಗ ಬೆಂಕಿ ಬಲಕ್ಕೆ ಬಂತು, ಜರಡಿ ಎಡಕ್ಕೆ ಹೋಯಿತು, ಬೀದಿಯ ಕಡೆ ಬೆನ್ನಾಯಿತು. ಬೆಂಕಿಗೆ ಬಲಗೆನ್ನೆ ಕೊಟ್ಟಳು. ಬೆಂಕಿ ಕಾಣದ ಕೆನ್ನೆ, ಬಹಳ ಉರಿಯಿತು. ಎಡಗೈಗೆ ಮರಳು ತಿರುವಿ ಅಭ್ಯಾಸವಿಲ್ಲ, ಅಕ್ಕಿ ಅರ್ಧ ಅರಳಿ ಅರ್ಧ ಹಾಗೇ ಉಳಿಯಿತು. ಆದರೂ ಊರು ಆ ಗಟ್ಟಿ ಮಂಡಕ್ಕಿಯನ್ನೇ ಕಟಕಟನೆ ಕಡಿದು ಚೆಲುವೆ ಹುರಿದದ್ದು ಎಂದು ಹೊಗಳಿತು. ಅವಳು ಹಲ್ಲು ಕಚ್ಚಿ ಕೂತಳು. ಕೆನ್ನೆ ಕೆಂಪಾಗುತ್ತಿದೆಯೇ ಎಂದು ಬಂದವರನ್ನೆಲ್ಲ ಕೇಳಿದಳು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅವರು ಹೇಳಿ ಹೋದರು.

ಹಾಗೆ ಕೂತಿರುವಾಗ ಒಂದು ದಿನ ಅವಳಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ತಕ್ಷಣ ಹೊಳೆಯಲಿಲ್ಲ. ಕೆಲಸ ಮುಗಿಸಿ ಗುಡಿಸಲು ಹೋದರೆ ಚೆಲ್ಲಿದ ಮಂಡಕ್ಕಿ ಚೆಲ್ಲಿದಂತೆಯೇ ಬಿದ್ದಿತ್ತು. ತಿನ್ನುವುದಕ್ಕೆ ಕರುಗಳು ಬಂದಿರಲಿಲ್ಲ. ನಿನ್ನೆಯೂ ಬಂದಿರಲಿಲ್ಲ. ನೀರಿಗೆ ಹೋಗುತ್ತಿದ್ದ ಹೆಂಗಸರನ್ನು ನಿಲ್ಲಿಸಿ ಕರುಗಳೆಲ್ಲ ಎಲ್ಲಿ ಎಂದು ಕೇಳಿದಳು. ಕೊಟ್ಟಿಗೆಯಲ್ಲೇ ಇವೆ ತಾಯಿ ಎಂದು ಅವರು ಹೇಳಿದರು, ಈಗಿನ ಕಣ್ಣಿ ಬಹಳ ಗಟ್ಟಿ, ಹಗ್ಗದವನ ಕೈಗೆ ಕೊನೆಗೂ ಬುದ್ಧಿ ಬಂದಿದೆ, ಗೂಟದಿಂದ ಕೆಳತುದಿಯವರೆಗೆ ಒಂದೇ ಬಿಗಿ.

ಹೆಂಗಸರು ಹೋದರು. ಅವಳು ಪೊರಕೆ ಹಿಡಿದು ಅಲ್ಲೇ ನಿಂತಳು. ಅವನು ದಾಟಿ ಹೋಗುವಾಗ ಈಗ ಅವಳ ಬೆನ್ನಷ್ಟೇ ಕಾಣುತ್ತದೆ, ಅದೂ ಭಟ್ಟಿಯ ಹೊಗೆಯ ಆಚೆ. ನೋಡುವುದಕ್ಕೆ ಏನೂ ಇಲ್ಲದ್ದರಿಂದ ಹಗ್ಗ ಬಿಗಿಯಾಗಿದೆ. ಹಾಗಾದರೆ ಇಷ್ಟು ದಿನ ಊರಿನ ಕರುಗಳು ಬಿಚ್ಚಿಕೊಂಡು ಓಡಾಡಿದ್ದು ಸುಮ್ಮನೆ ಅಲ್ಲ. ನಾರಿನ ತಪ್ಪೂ ಅಲ್ಲ. ಸರದಿ ಇಲ್ಲದ, ಮಣೆ ಇಲ್ಲದ, ಹೊಸ್ತಿಲೂ ಇಲ್ಲದ ಎಲ್ಲ ದಿನಗಳಲ್ಲಿ ಒಬ್ಬನ ಕೈ ಇಲ್ಲಿಂದ ಮುಂದಕ್ಕೆ ಸಡಿಲವಾಗುತ್ತಿತ್ತು. ತಾನು ಒಂದು ಸಲವೂ ಕಣ್ಣೆತ್ತಿರಲಿಲ್ಲ. ಅವಳಿಗೆ ಸಂತೋಷವೂ ಆಯಿತು, ಎದೆ ಒಡೆಯುವಷ್ಟು ದುಃಖವೂ ಆಯಿತು. ಅವಳು ಜರಡಿ ಎತ್ತಿಕೊಂಡು ಭಟ್ಟಿಯ ಈಚೆ ಬದಿಗೆ, ತನ್ನ ಹಳೆಯ ಜಾಗಕ್ಕೆ ಬಂದು, ಬೆಂಕಿಗೆ ಎಡಗೆನ್ನೆ ಕೊಟ್ಟು ಕೂತಳು. ಮೊದಲ ಬಾಣಲೆಯ ಮಂಡಕ್ಕಿ ಮಲ್ಲಿಗೆಯಷ್ಟು ಬೆಳ್ಳಗೆ ಅರಳಿತು.

ಹುಣ್ಣಿಮೆ ಬಂತು. ಸಂಜೆಯೊಳಗೆ ಕೆನ್ನೆ ಒಪ್ಪಿಸಬೇಕು. ಊರೆಲ್ಲ ಹೊಸ್ತಿಲ ಎದುರು ಸೇರಿತು. ಎಲ್ಲರ ಬಲಗೆನ್ನೆಯೂ ಹೊಸದಾಗಿ ಬಳಿದು ಮಿಂಚುತ್ತಿತ್ತು. ಹಗ್ಗದವನೊಬ್ಬ ಬಂದಿರಲಿಲ್ಲ, ಬಾವಿಗೆ ಹಗ್ಗ ಬೇಕೆಂದು ಬೀದಿಯ ಮೇಲ್ತುದಿಯಲ್ಲಿ ಹೊಸೆಯುತ್ತಿದ್ದ. ಡಂಗುರದವನು ಮಣೆ ಬೋರಲು ಹಾಕಲು ಸಿದ್ಧವಾಗಿ ಬಗ್ಗಿ ನಿಂತಿದ್ದ. ಹಿರಿಯ ನೋಡಿದ. ಅವಳ ಬಲಗೆನ್ನೆ ಒಂದಿಷ್ಟು ಸಿಪ್ಪೆ ಸುಲಿದದ್ದು ಬಿಟ್ಟರೆ ಹಾಗೇ ಇತ್ತು.

"ಸರಿಮಾಡ್ಕೊಳ್ಳಲಿಲ್ವಲ್ಲವ್ವ" ಎಂದ.

ಒಂದು ಸಲ ಮಣೆ ಹೋದರೆ ಊರಿನ ಉಸಿರು ಮತ್ತೆ ಎಂದೂ ಇಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೇಳಿದಳು. "ಎದುರಿಗೆ ನಿಂತು ಎಷ್ಟು ನೋಡಿದ್ರೂ ಹಂಗೇ ಕಾಣ್ತೈತೆ, ಯಜಮಾನ್ರೆ. ಒಂದು ಸಲ ನನ್ನ ಪಕ್ಕ ಬಂದು ನಿಂತು ನೋಡ್ರಿ."

ಚೆಲುವರ ಪಕ್ಕ ನಿಲ್ಲುವುದು ಆ ಊರಿನಲ್ಲಿ ಕಂಡು ಕೇಳಿದ್ದಲ್ಲ. ಬೇಡ ಎನ್ನುವ ನಿಯಮವೂ ಇರಲಿಲ್ಲ, ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಹಿರಿಯ ಹಿಂದು ಮುಂದು ನೋಡಿ, ಪಂಚೆ ಎತ್ತಿಕಟ್ಟಿ, ಅವಳ ಪಕ್ಕ ಬಂದು, ಅವಳು ಮುಖಮಾಡಿದ ಕಡೆಗೇ ಮುಖಮಾಡಿ ನಿಂತ. ಮೊದಲು ತನ್ನ ಕೆನ್ನೆ ಮುಟ್ಟಿಕೊಂಡ. ಅವಳ ಕಡೆ ನೋಡಿದ. ಅವಳದು ಎಡ, ತನ್ನದು ಬಲ. ಅವನ ಮುಖ ಸಣ್ಣದಾಯಿತು. ಆಮೇಲೆ ತಲೆ ಎತ್ತಿ ಎದುರಿಗೆ ನೋಡಿದ. ಎದುರಿಗೆ ಊರು ನಿಂತಿತ್ತು. ಬಾಯಿ ತೆರೆದುಕೊಂಡು, ಬೆವರಿಗೆ ಮಸಿ ಇಳಿದು ಕುತ್ತಿಗೆಗೆ ಹರಿಯುತ್ತಾ, ಒಂದೇ ಕಡೆ ಕಪ್ಪಾದ ಮುಖಗಳ ಸಾಲು. ಅವನು ಹುಟ್ಟಿದಾಗಿನಿಂದ ಆ ಸಾಲಿನೊಳಗೇ ಇದ್ದವನು, ಅದನ್ನು ಈ ಕಡೆಯಿಂದ ಕಂಡದ್ದು ಅಂದೇ. ಅವನಿಗೆ ನಗು ಬಂತು. ಒತ್ತಿ ಹಿಡಿದಷ್ಟೂ ಹೆಚ್ಚಾಗಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ಹೊಸ್ತಿಲ ಮೇಲೇ ಕುಸಿದ.

ಹಿರಿಯ ಯಾಕೆ ನಗುತ್ತಾನೆ ನೋಡೋಣ ಎಂದು ಗಾಣದವನು ಬಂದು ಪಕ್ಕ ನಿಂತ. ಅವನೂ ನಕ್ಕ. ಡಂಗುರದವನು ಬಂದ, ಕುಂಬಾರತಿ ಬಂದಳು, ಮಾವಂದಿರ ಉಸಿರು ಹೊತ್ತು ತಂದಿದ್ದ ಸೊಸೆಯಂದಿರು ಬಂದರು. ಬಂದವರೆಲ್ಲ ಎದುರಿಗಿದ್ದವರನ್ನು ನೋಡಿ ನಗುವರು, ನಗುವುದನ್ನು ಕಂಡು ಎದುರಿಗಿದ್ದವರು ಈಚೆಗೆ ಬರುವರು. ತಮ್ಮದೇ ತಪ್ಪು ಎಂದು ತಿಳಿದವರು ಅವಸರದಲ್ಲಿ ಎಡಗೆನ್ನೆಗೂ ಬಳಿದುಕೊಂಡು ಪೂರ್ತಿ ಕಪ್ಪಾದರು. ಹೀಗೆ ಒಬ್ಬೊಬ್ಬರೇ ಬಂದು ಬಂದು, ಕೊನೆಗೆ ಊರಿಗೆ ಊರೇ ಅವಳ ಎಡಕ್ಕೂ ಬಲಕ್ಕೂ ಸಾಲಾಗಿ ನಿಂತಿತು. ಎದುರಿಗೆ ಯಾರೂ ಉಳಿಯಲಿಲ್ಲ. ನಗುವುದಕ್ಕೂ ಯಾರೂ ಇಲ್ಲ. ಎಲ್ಲರೂ ಸುಮ್ಮನಾಗಿ ಖಾಲಿ ಬೀದಿಯನ್ನು ನೋಡಿದರು.

ಆ ಖಾಲಿ ಬೀದಿಯಲ್ಲಿ ಒಂದು ಬೆನ್ನು ಬರುತ್ತಿತ್ತು. ಹೊಸೆಯುತ್ತಾ, ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತಾ, ಎಡ ಹೆಗಲ ಮೇಲೆ ಹರಿದ ಅಂಗಿ. ಬೆನ್ನು ಹತ್ತಿರವಾಯಿತು, ಭಟ್ಟಿಯನ್ನು ದಾಟಿತು, ಮುಖ ಕಂಡಿತು. ಮಂಡಕ್ಕಿಯವಳು ಈ ಸಲ ಕಣ್ಣು ಇಳಿಸಲಿಲ್ಲ. ಮೂಗಿನ ಮೇಲೊಂದು ಹಳೆಯ ಗಾಯ, ನರೆತ ಹುಬ್ಬು, ನಾರಿನ ಧೂಳು ಕೂತ ರೆಪ್ಪೆ. ಇದು ಚೆಂದವೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕು ಅನ್ನಿಸಲೂ ಇಲ್ಲ. ನೋಡುತ್ತಾ ಇರಬೇಕು ಅನ್ನಿಸಿತು.

ಹಗ್ಗದವನು ಸಾಲಾಗಿ ನಿಂತ ಊರನ್ನು ನೋಡಿ ತಬ್ಬಿಬ್ಬಾಗಿ ನಿಂತ. ಒಂದು ಕೆನ್ನೆಯೋ ಎರಡೂ ಕೆನ್ನೆಯೋ ಕಪ್ಪಾದ ಅಷ್ಟೊಂದು ಮುಖಗಳು. ಅವುಗಳ ಮೇಲೆ ಅವನ ಕಣ್ಣು ಈ ತುದಿಯಿಂದ ಹೊರಟು ಒಂದೊಂದನ್ನೇ ದಾಟುತ್ತಾ ಬಂತು. ಅವಳ ಹತ್ತಿರ ಬಂದಾಗ ನಿಂತಿತು. ಯಾರೂ ಉಸಿರು ಬಿಡುತ್ತಿರಲಿಲ್ಲ, ಪಕ್ಕದಲ್ಲಿ ನಿಂತವರಿಗೆ ಅವಳು ಕಾಣುತ್ತಲೇ ಇರಲಿಲ್ಲವಲ್ಲ. ಆ ನಿಶ್ಶಬ್ದದಲ್ಲಿ ಹಗ್ಗದವನು ಉಸಿರು ಬಿಟ್ಟ.

ಒಂದೇ ಉಸಿರು. ಸಾಲಿನ ಕೊನೆಯಲ್ಲಿದ್ದ ಕಣ್ಣು ಕಾಣದ ಅಜ್ಜಿಗೂ ಕೇಳಿಸಿತು. ಅವನ ಬೆರಳು ಬಿಟ್ಟುಹೋಗಿ ಹಗ್ಗ ಜಾರಿತು. ಜಾರಿದ ತುದಿಯಿಂದ ಹುರಿ ಬಿಚ್ಚುತ್ತಾ ಬಿಚ್ಚುತ್ತಾ ಗೂಟದವರೆಗೂ ಹೋಗಿ ಬರೀ ನಾರಾಗಿ ಬೀದಿಯಲ್ಲಿ ಹರಡಿತು.

ಒಬ್ಬನೇ ಬಿಟ್ಟ ಉಸಿರು ಕ್ರಮಕ್ಕೆ ಸೇರುತ್ತದೋ ಇಲ್ಲವೋ ಎಂದು ಹಿರಿಯನೂ ಡಂಗುರದವನೂ ವಾದಕ್ಕೆ ಕೂತರು. ಇಂದು ಅವಳದೇ ಸರದಿ, ಆದ್ದರಿಂದ ತಪ್ಪಲ್ಲ ಎಂದು ಒಬ್ಬ. ಆದರೆ ಅವನು ಬಿಟ್ಟದ್ದು ಸರದಿಗೆ ಅಲ್ಲ, ಅದು ಅವನ ಮುಖದಲ್ಲೇ ಕಾಣುತ್ತಿತ್ತು ಎಂದು ಇನ್ನೊಬ್ಬ. ವಾದ ಮುಗಿಯುವ ಮೊದಲೇ ಸೂರ್ಯ ಮುಳುಗಿ ಅವಳ ತಿಂಗಳು ಮುಗಿಯಿತು. ಮಣೆಯನ್ನು ಬೋರಲು ಹಾಕಬೇಕೋ ನೆಟ್ಟಗೆ ಒಯ್ಯಬೇಕೋ ತಿಳಿಯದೆ ಡಂಗುರದವನು ಅದನ್ನು ಅಡ್ಡಡ್ಡ ಹಿಡಿದುಕೊಂಡು ಹೋದ. ಊರವರು ಕೆರೆಗೆ ಹೋಗಿ ಮುಖ ತೊಳೆದರು, ಕೆರೆಯ ನೀರು ದಡದಲ್ಲಿ ಒಂದಷ್ಟು ದಿನ ಕಪ್ಪಗೆ ನಿಂತಿತು.

ಮಾರನೆಯ ಬೆಳಿಗ್ಗೆ ಮಣೆ ಹಿರಿಯನ ಮನೆ ಸೇರಿತು. ಊರು ಅಲ್ಲಿಗೆ ಹೋಯಿತು. ಮಂಡಕ್ಕಿಯವಳ ಕಡೆ ಯಾರೂ ನೋಡಲಿಲ್ಲ, ಅವಳ ಮುಖ ಮತ್ತೆ ಒಂದು ಗುರುತಾಗಿತ್ತು. ಅವಳು ಭಟ್ಟಿಗೆ ಹೊಟ್ಟು ಹಾಕಿ ಕೂತಳು. ಹಗ್ಗದವನ ಬೆನ್ನು ಬಂದಾಗ ಎದ್ದಳು. ಬೀದಿಗೆ ಇಳಿದು, ಎದುರಿಗೆ ಹೋಗದೆ, ಅವನ ಪಕ್ಕಕ್ಕೆ ಹೋಗಿ, ನಾರಿನ ಒಂದು ಎಳೆ ಕೈಗೆ ತೆಗೆದುಕೊಂಡು ಅವನ ಜೊತೆಗೆ ಹಿಂದು ಹಿಂದಕ್ಕೆ ನಡೆದಳು. ದಾಟಿದ ಬೀದಿ ಅವಳಿಗೆ ಕಂಡಿತು. ಭಟ್ಟಿ ಕಂಡಿತು, ಅದರ ಬೆಂಕಿ ಕಂಡಿತು, ಬಯಲಿನಲ್ಲಿ ಅರಿಸಿನದ ಹೊಸ್ತಿಲು ಕಂಡಿತು, ತಾನು ದಿನಾ ಕೂರುತ್ತಿದ್ದ ಜಾಗ ಕಂಡಿತು. ಅದು ಸಣ್ಣದಾಗುತ್ತಾ ಹೋಯಿತು.

"ಅಲ್ಲಿ ಏನೂ ಇಲ್ವಲ್ಲ" ಎಂದಳು.

"ಇವತ್ತು ಇಲ್ಲ" ಎಂದ ಹಗ್ಗದವನು.

ಇಬ್ಬರೂ ಬೀದಿಯ ಕೊನೆಯವರೆಗೆ ನಡೆದರು. ಮಾರನೆಯ ದಿನದಿಂದ ಅವಳು ಗೂಟದ ಬಳಿಯಿಂದಲೇ ಅವನ ಪಕ್ಕದಲ್ಲಿ ನಡೆದಳು, ಹಾಗೆ ಹೊಸೆದ ಹಗ್ಗದಲ್ಲಿ ಬಿಗಿಯಾದ ಅರ್ಧ ಎನ್ನುವುದು ಹುಡುಕಿದರೂ ಇರಲಿಲ್ಲ. ಬಾವಿಯೊಳಗೆ ಕೊಡಗಳ ಮೇಲೆ ಕೊಡಗಳು ಬಿದ್ದವು. ಹಿರಿಯ ಮಣೆಯ ಮೇಲೆ ಕೂತು ಊರಿನ ಉಸಿರಿಗೆ ಕಾಯುತ್ತಿದ್ದರೆ ಕರುಗಳು ಬಂದು ಅವನ ಕೆನ್ನೆ ನೆಕ್ಕಿದವು, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಅವನು ಹಿಡಿದು ಕಟ್ಟಿ ಎಂದು ಕೂಗಿದ. ಕಟ್ಟಿದರು. ಆದರೂ ಆ ತಿಂಗಳು ಊರಿನ ಕೊಟ್ಟಿಗೆಗಳಲ್ಲಿ ಒಂದು ಕರುವೂ ನಿಲ್ಲಲಿಲ್ಲ.